ಕ್ಲಿನಿಕ್‌ನಲ್ಲಿ 152, ಮನೆಯಲ್ಲಿ 128: ಯಾವ ಬಿಪಿಯನ್ನು ನಂಬಬೇಕು?

ಪ್ರಶ್ನೆ

ನನಗೆ 46 ವರ್ಷ. ಹೋದ ತಿಂಗಳು ಬೇರೆ ಏನಕ್ಕೋ ಡಾಕ್ಟರ್ ಹತ್ತಿರ ಹೋಗಿದ್ದೆ. ಬಿಪಿ ನೋಡಿದರು, 152/94. ಎರಡು ವಾರ ಬಿಟ್ಟು ನೋಡಿದಾಗ 148/92. ಗಾಬರಿಯಾಗಿ ಮನೆಗೊಂದು ಮಿಷನ್ ತಂದೆ. ಇಲ್ಲಿ ನೋಡಿದರೆ 128/82, ಒಮ್ಮೊಮ್ಮೆ ಮೇಲಿನ ನಂಬರ್ 119, ಒಮ್ಮೆ 141. ಸಿಗರೇಟ್ ಇಲ್ಲ, ಶುಗರ್ ಇಲ್ಲ. ಆದರೆ ನಮ್ಮಪ್ಪನಿಗೆ 54ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಹೃದಯಕ್ಕೆ ಅಪಾಯ ಇದೆಯೋ ಇಲ್ಲವೋ ಅನ್ನೋದಕ್ಕೆ ಇದರಲ್ಲಿ ಯಾವ ನಂಬರ್ ಲೆಕ್ಕಕ್ಕೆ ಬರುತ್ತದೆ? ಅನುಭವ ಇದ್ದವರು ಹೇಳಿ.

ಗೊರಕೆ ರಾಯ

ನನ್ನದೂ ಇದೇ ಕಥೆ. ಡಾಕ್ಟರ್ ಎದುರು ಕೂತರೆ ಸಾಕು, 150 ದಾಟುತ್ತಿತ್ತು. ಇದಕ್ಕೆ ‘ವೈಟ್ ಕೋಟ್’ ಬಿಪಿ ಅಂತಲೇ ಹೆಸರಿದೆ. ಬಿಳಿ ಕೋಟು ಕಂಡ ಕೂಡಲೇ ಏರುವ ಬಿಪಿ. ಸುಮ್ನೆ ಟೆನ್ಷನ್ ಅಂದುಕೊಂಡು ಎರಡು ವರ್ಷ ತಳ್ಳಿದೆ. ಕೊನೆಗೆ ಡಾಕ್ಟರೇ 24 ಗಂಟೆಯ ಮಿಷನ್ ಕಟ್ಟಿ ಕಳಿಸಿದರು. ಸೊಂಟಕ್ಕೊಂದು ಡಬ್ಬಿ, ತೋಳಿಗೆ ಪಟ್ಟಿ. ಅರ್ಧ ಗಂಟೆಗೊಮ್ಮೆ ತಾನೇ ಗಾಳಿ ತುಂಬಿಕೊಂಡು ತೋಳು ಹಿಂಡುತ್ತದೆ. ಆ ರಾತ್ರಿಯ ನಿದ್ದೆಯ ಬಗ್ಗೆ ಕೇಳಬೇಡಿ.

ಹಗಲಿನ ಸರಾಸರಿ 129/81 ಬಂತು. ಹಗಲಿಗೆ 135/85ಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲವಂತೆ. ನಾನು ಖುಷಿಯಾದೆ, ಡಾಕ್ಟರ್ ಖುಷಿಯಾಗಲಿಲ್ಲ. ಮಲಗಿದಾಗ ಬಿಪಿ ಶೇಕಡಾ 10ರಿಂದ 20ರಷ್ಟು ಇಳಿಯಬೇಕು. ನನ್ನದು ಇಳಿದೇ ಇರಲಿಲ್ಲ. ಹೃದಯದ ಮಟ್ಟಿಗೆ ಹಗಲಿನ ನಂಬರಿಗಿಂತ ರಾತ್ರಿಯದ್ದೇ ಜಾಸ್ತಿ ಹೇಳುತ್ತದೆ ಎಂದರು. ಗೊರಕೆ ಹೊಡೆಯುತ್ತೀರಾ ಅಂತ ಕೇಳಿದರು. ಪಕ್ಕದಲ್ಲಿದ್ದ ಹೆಂಡತಿ ನಕ್ಕಳು. ಪರೀಕ್ಷೆ ಮಾಡಿದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ, ಸ್ಲೀಪ್ ಆಪ್ನಿಯಾ. ಬರೀ ಹಗಲು ಮನೆಯಲ್ಲಿ ನೋಡಿಕೊಂಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ನೈಟ್ ಶಿಫ್ಟ್

ನನ್ನದು ಉಲ್ಟಾ. ಕ್ಲಿನಿಕ್‌ನಲ್ಲಿ ಯಾವಾಗಲೂ 124, 126. ಮನೆಯಲ್ಲಿ, ಕೆಲಸದ ಜಾಗದಲ್ಲಿ 145ರ ಮೇಲೆ. ನನ್ನ ಮಿಷನ್ನೇ ಕೆಟ್ಟಿದೆ ಅಂದುಕೊಂಡು ಮೂಲೆಗೆ ಹಾಕಿದ್ದೆ. ಆಮೇಲೆ ಎಕೋ ಮಾಡಿದಾಗ ಹೃದಯದ ಎಡಗೋಣೆಯ ಗೋಡೆ ದಪ್ಪವಾಗಿರುವುದು ಕಂಡಿತು. ಜಾಸ್ತಿ ಒತ್ತಡದ ವಿರುದ್ಧ ವರ್ಷಗಟ್ಟಲೆ ಪಂಪ್ ಮಾಡಿದರೆ ಆ ಮಾಂಸ ಬೆಳೆಯುತ್ತದೆ, ಭಾರ ಎತ್ತಿದರೆ ತೋಳು ಬೆಳೆಯುವ ಹಾಗೆ. ಆದರೆ ಇದು ಒಳ್ಳೆಯ ಬೆಳವಣಿಗೆ ಅಲ್ಲ. ಇದನ್ನು ‘ಮಾಸ್ಕ್ಡ್’, ಅಂದರೆ ಮುಖವಾಡ ಹಾಕಿಕೊಂಡ ಬಿಪಿ ಅನ್ನುತ್ತಾರೆ. ವೈಟ್ ಕೋಟ್ ಬಿಪಿಗಿಂತ ಇದೇ ಅಪಾಯ, ಯಾಕೆಂದರೆ ಯಾರೂ ಹುಡುಕುವುದೇ ಇಲ್ಲ.

ನಿವೃತ್ತ ನರ್ಸ್

ಎಲ್ಲರೂ ನಂಬರ್ ಹಿಡಿದುಕೊಂಡು ಮಾತಾಡುತ್ತಿದ್ದೀರಿ. ಆ ನಂಬರ್ ಹೇಗೆ ಬಂತು ಅಂತ ಒಬ್ಬರೂ ಕೇಳಲಿಲ್ಲ! ಮೂವತ್ತು ವರ್ಷ ಇದೇ ಕೆಲಸ ಮಾಡಿದವಳು, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಪಟ್ಟಿ. ನಿಮ್ಮ ಮೇಲ್ದೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಿರಿ. ಮಿಷನ್ ಜೊತೆ ಬರುವ ಪಟ್ಟಿಯ ಮೇಲೆ ಎಷ್ಟು ಸೆಂಟಿಮೀಟರ್ ತೋಳಿಗೆ ಅಂತ ಬರೆದಿರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಬರುತ್ತದೆ. ಇದು ಹೊಸ ವಿಷಯವೇನಲ್ಲ. 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಪಟ್ಟಿಯ ಮಿಷನ್ ಮಾಡಿದಾಗ ಅದು ತೀರಾ ಕಿರಿದಾಗಿತ್ತು, ಜಾಸ್ತಿ ತೋರಿಸುತ್ತಿತ್ತು. ಆಮೇಲೆ ಅಗಲ ಮಾಡಿದರು. ಅಷ್ಟು ಹಳೆಯ ತಪ್ಪನ್ನು ಇವತ್ತಿಗೂ ದಿನಾ ಮಾಡುತ್ತೇವೆ.

ಆಮೇಲೆ ಕೂರುವುದು. ಐದು ನಿಮಿಷ ತೆಪ್ಪಗೆ ಕೂರಬೇಕು. ಬೆನ್ನಿಗೆ ಆಸರೆ ಬೇಕು. ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಮೇಜಿನ ಮೇಲೆ, ಹೃದಯದ ಮಟ್ಟಕ್ಕೆ. ತೋಳನ್ನು ಜೋತುಬಿಟ್ಟು ನೋಡಿದರೆ ಜಾಸ್ತಿ ಬರುತ್ತದೆ. ಪಟ್ಟಿ ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಏಳೆಂಟು ಪಾಯಿಂಟ್ ವ್ಯತ್ಯಾಸ. ಮಣಿಕಟ್ಟಿನ ಮಿಷನ್‌ಗಳು ಮೋಸ ಮಾಡುವುದಕ್ಕೆ ಇದೂ ಒಂದು ಕಾರಣ. ಮೂತ್ರ ಕಟ್ಟಿಕೊಂಡು ನೋಡಬೇಡಿ. ಕಾಫಿ, ಸಿಗರೇಟ್, ವ್ಯಾಯಾಮ ಆದ ಮೇಲೆ ಅರ್ಧ ಗಂಟೆ ಬಿಡಿ. ಪಟ್ಟಿ ಬಿಗಿಯುತ್ತಿರುವಾಗ ಮಾತು ಬೇಡವೇ ಬೇಡ. ಕ್ಲಿನಿಕ್‌ಗಳಲ್ಲಿ ಏನಾಗುತ್ತದೆ ಹೇಳಿ? ಮೆಟ್ಟಿಲು ಹತ್ತಿ ಬಂದವರನ್ನು ಕೂರಿಸಿ, ಅಂಗಿಯ ಮೇಲೇ ಸುತ್ತಿ, ‘ಏನಾಗ್ತಿದೆ?’ ಅಂತ ಮಾತಾಡಿಸುತ್ತಾ ನೋಡುತ್ತೇವೆ. ನಾನೂ ಮಾಡಿದ್ದೇನೆ. ರೋಗಿಗಳ ಸಾಲು ಹೊರಗೆ ಕಾಯುತ್ತಿರುತ್ತದೆ.

ಮೊದಲ ಸಲ ಎರಡೂ ತೋಳು ನೋಡಿ. ಎರಡು ಮೂರು ಸಲ ನೋಡಿದಾಗಲೂ ಮೇಲಿನ ನಂಬರಿನಲ್ಲಿ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಡಾಕ್ಟರಿಗೆ ಹೇಳಿ. ರಕ್ತನಾಳ ಎಲ್ಲೋ ಕಿರಿದಾಗಿರಬಹುದು, ಅದೂ ಹೃದಯದ ಅಪಾಯದ ಒಂದು ಗುರುತು. ಆಮೇಲೆ ಯಾವ ತೋಳಿನಲ್ಲಿ ಜಾಸ್ತಿಯೋ ಅದರಲ್ಲೇ ನೋಡಿ.

ಏಳು ದಿನ, ಬೆಳಿಗ್ಗೆ ಎರಡು, ಸಂಜೆ ಎರಡು, ನಡುವೆ ಒಂದು ನಿಮಿಷ ಬಿಟ್ಟು. ಮೊದಲ ದಿನದ್ದನ್ನು ಹೊಡೆದುಹಾಕಿ, ಉಳಿದದ್ದರ ಸರಾಸರಿ ತೆಗೆಯಿರಿ. ಚೆನ್ನಾಗಿ ಬಂದದ್ದನ್ನು ಮಾತ್ರ ಬರೆದುಕೊಳ್ಳುವವರೂ ಇದ್ದಾರೆ, ಅದು ಬೇಡ. ನಾಡಿ ತಾಳ ತಪ್ಪಿ ಬಡಿಯುವವರಿಗೆ ಈ ಮಿಷನ್ ಎಡವುತ್ತದೆ. ಅದು ನಮ್ಮ ಹಾಗೆ ಸದ್ದು ಕೇಳುವುದಿಲ್ಲ, ಪಟ್ಟಿಯಲ್ಲಿ ಆಗುವ ಅದುರನ್ನು ಹಿಡಿದು ಲೆಕ್ಕ ಹಾಕುತ್ತದೆ, ಅಷ್ಟೆ. ಅಂಥವರು ಮೂರು ಸಲ ನೋಡಬೇಕು.

ದಿನಕ್ಕೆ ಹನ್ನೆರಡು

ನಾನು ದಿನಕ್ಕೆ ಹನ್ನೆರಡು ಸಲ ನೋಡುತ್ತಿದ್ದೆ. ನೋಡಿ ನೋಡಿಯೇ ಏರುತ್ತಿತ್ತು. ಮಗಳು ಮಿಷನ್ ಬಚ್ಚಿಟ್ಟ ಮೇಲೆ ಇಳಿಯಿತು.

ಲೆಕ್ಕದ ಪುಸ್ತಕ

ಅಪಾಯದ ಬಗ್ಗೆ ಕೇಳಿದಿರಲ್ಲ, ಅದಕ್ಕೆ ಬರುತ್ತೇನೆ. ನನಗೆ ಸ್ಟೆಂಟ್ ಹಾಕಿದ ಮೇಲೆ ಓದಿಕೊಂಡದ್ದು ಇದು. ಮೊದಲೇ ಓದಬೇಕಿತ್ತು.

140 ಅನ್ನೋದು ಬೇಲಿ ಅಲ್ಲ. 139 ಇದ್ದರೆ ಪಾರು, 141 ಆದರೆ ಮುಗೀತು ಅಂತಿಲ್ಲ. 2002ರಲ್ಲಿ 61 ಅಧ್ಯಯನಗಳ ಸುಮಾರು ಹತ್ತು ಲಕ್ಷ ಜನರ ಲೆಕ್ಕ ಒಟ್ಟು ಹಾಕಿ ನೋಡಿದರು. 40ರಿಂದ 69 ವಯಸ್ಸಿನವರಲ್ಲಿ ಮೇಲಿನ ನಂಬರ್ 20 ಏರಿದಾಗೆಲ್ಲ, ಅಥವಾ ಕೆಳಗಿನದ್ದು 10 ಏರಿದಾಗೆಲ್ಲ, ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಿಂದ ಸಾಯುವ ಅಪಾಯ ಹೆಚ್ಚುಕಡಿಮೆ ಎರಡರಷ್ಟಾಗುತ್ತಿತ್ತು. ಅದು ಶುರುವಾಗುವುದು 115/75ರಿಂದಲೇ. ಅದಕ್ಕೇ ಗೆರೆ ಎಲ್ಲಿ ಎಳೆಯಬೇಕು ಅಂತ ಜಗಳ. ಅಮೆರಿಕದವರು 2017ರಲ್ಲಿ 130/80ಕ್ಕೆ ಎಳೆದರು. ಯುರೋಪಿನವರು ಕ್ಲಿನಿಕ್‌ನಲ್ಲಿ 140/90, ಮನೆಯಲ್ಲಿ 135/85 ಅಂತಾರೆ.

ಆದರೆ ಎರಡರಷ್ಟು ಅಂದರೆ ಯಾವುದರ ಎರಡರಷ್ಟು? ಇದನ್ನು ಯಾರೂ ಕೇಳುವುದಿಲ್ಲ. ಮೊದಲೇ ಚಿಕ್ಕ ಅಪಾಯ ಇದ್ದರೆ ಅದರ ಎರಡರಷ್ಟೂ ಚಿಕ್ಕದೇ. ವಯಸ್ಸು, ಸಿಗರೇಟ್, ಶುಗರ್, ಕೊಲೆಸ್ಟರಾಲ್, ಕಿಡ್ನಿ ಎಲ್ಲ ಸೇರಿಸಿ ನೋಡಬೇಕು. 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ ಶುರುವಾದ ಅಧ್ಯಯನದಿಂದ ಕಲಿತ ಪಾಠ ಇದೇ. ನನ್ನ ಬಿಪಿ 138 ಇತ್ತು, ‘ಬಾರ್ಡರ್’ ಅಂತ ಸುಮ್ಮನಿದ್ದೆ. ಜೊತೆಗೆ ಸಿಗರೇಟೂ ಇತ್ತು, ಕೊಲೆಸ್ಟರಾಲೂ ಇತ್ತು. ಒಂದೊಂದೂ ಬಾರ್ಡರ್, ಮೂರೂ ಸೇರಿದರೆ ಬಾರ್ಡರ್ ಅಲ್ಲ.

ನಿಮ್ಮ ವಿಷಯದಲ್ಲಿ ನಾನು ಗಮನ ಕೊಡುವುದು ಅಪ್ಪನ 54ಕ್ಕೆ. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ ಡಾಕ್ಟರುಗಳು ಅದನ್ನು ಬೇರೆಯಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ. ಕೊಲೆಸ್ಟರಾಲ್ ನೋಡಿಸಿದ್ದೀರಾ? ಬರೆದಿಲ್ಲ ನೀವು.

ಇನ್ನೊಂದು. 120ರ ಕೆಳಗೆ ತರಬೇಕು ಅಂತ ಕೆಲವರು ಹೇಳುತ್ತಾರೆ. ಅದು 2015ರ ಸ್ಪ್ರಿಂಟ್ ಅನ್ನೋ ದೊಡ್ಡ ಅಧ್ಯಯನದ ಮಾತು. ಲಾಭ ಆಗಿದ್ದು ನಿಜ, ತಲೆಸುತ್ತಿ ಬೀಳುವಷ್ಟು ಬಿಪಿ ಇಳಿದದ್ದು, ಕಿಡ್ನಿಗೆ ಪೆಟ್ಟು ಬಿದ್ದದ್ದೂ ಜಾಸ್ತಿಯಾಗಿತ್ತು. ಅಲ್ಲಿ ಐದು ನಿಮಿಷ ಕೂರಿಸಿ, ಮಿಷನ್ನಿನಲ್ಲೇ ಮೂರು ಸಲ ನೋಡಿ ಸರಾಸರಿ ತೆಗೆದಿದ್ದರು. ಗಡಿಬಿಡಿಯಲ್ಲಿ ನೋಡಿದ 130ನ್ನು ಆ 120ಕ್ಕೆ ಹೋಲಿಸಿ ಮಾತ್ರೆ ಏರಿಸಿಕೊಳ್ಳಬೇಡಿ.

ಅಮ್ಮನ ಚಾರ್ಟ್

ನಮ್ಮಮ್ಮನಿಗೆ 74. ಯಾವಾಗಲೂ 164/70. ‘ಕೆಳಗಿನದ್ದು ನಾರ್ಮಲ್, ಮೇಲಿನದ್ದು ವಯಸ್ಸಿಗೆ ಸಹಜ’ ಅಂತ ನೆಂಟರೆಲ್ಲ ಹೇಳುತ್ತಿದ್ದರು, ನಾವೂ ನಂಬಿದ್ದೆವು. ವಯಸ್ಸಾದಂತೆ ದೊಡ್ಡ ರಕ್ತನಾಳಗಳು ಗಟ್ಟಿಯಾಗುತ್ತವೆ. ಆಗ ಮೇಲಿನದ್ದು ಏರುತ್ತದೆ, ಕೆಳಗಿನದ್ದು ಇಳಿಯುತ್ತದೆ. ಎರಡರ ನಡುವಿನ ಅಂತರ 60 ದಾಟಿದರೆ ಅದೇ ಒಂದು ಸೂಚನೆ ಅಂತ ಹೊಸ ಡಾಕ್ಟರ್ ವಿವರಿಸಿದರು. ಮಾತ್ರೆ ಶುರು ಮಾಡುವ ಮೊದಲು ಅಮ್ಮನನ್ನು ನಿಲ್ಲಿಸಿಯೂ ನೋಡಿದರು. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನದ್ದು 20 ಇಳಿದರೆ ಬೀಳುವ ಭಯ ಇರುತ್ತದಂತೆ. ಪುಣ್ಯಕ್ಕೆ ಅದೇನೂ ಇರಲಿಲ್ಲ. ಮಂಡಿನೋವಿಗೆ ತಾನೇ ತಂದು ನುಂಗುತ್ತಿದ್ದ ಐಬುಪ್ರೊಫೇನ್ ನಿಲ್ಲಿಸಿದರು. ಅದೂ ಬಿಪಿ ಏರಿಸುತ್ತದೆ ಅಂತ ನಮಗೆ ಗೊತ್ತಿರಲಿಲ್ಲ.

ನಿವೃತ್ತ ನರ್ಸ್

ಒಂದು ಮರೆತೆ. 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಸರಾಸರಿ ತೆಗೆಯುತ್ತಾ ಕೂರಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ. ಬರೀ ನಂಬರ್ ಜಾಸ್ತಿ, ಬೇರೇನೂ ಇಲ್ಲ ಅಂದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ಥ್ಯಾಂಕ್ಸ್. ನರ್ಸ್ ಅಮ್ಮ, ತೋಳು ಅಳೆದೆ, 35 ಸೆಂಟಿಮೀಟರ್. ಪಟ್ಟಿಯ ಮೇಲೆ 22–32 ಅಂತ ಬರೆದಿದೆ! ದೊಡ್ಡ ಪಟ್ಟಿ ತರಿಸಿದೆ. ಏಳು ದಿನ ನೀವು ಹೇಳಿದ ಹಾಗೇ ಬರೆದೆ, 141 ಬಂದದ್ದನ್ನೂ ಬಿಡಲಿಲ್ಲ. ಸರಾಸರಿ 127/82. ಎರಡು ತೋಳಿಗೂ 4 ಪಾಯಿಂಟ್ ವ್ಯತ್ಯಾಸ ಅಷ್ಟೆ.

ಡಾಕ್ಟರ್ ಚಾರ್ಟ್ ನೋಡಿದರು. ದೊಡ್ಡ ಪಟ್ಟಿ ಕೇಳಿ ಹಾಕಿಸಿಕೊಂಡರೂ ಅಲ್ಲಿ 144 ಬಂತು, ಅಂದರೆ ಸ್ವಲ್ಪ ಪಟ್ಟಿಯ ತಪ್ಪು, ಸ್ವಲ್ಪ ನನ್ನ ಹೆದರಿಕೆ. ಮಾತ್ರೆ ಈಗಲೇ ಬೇಡ ಎಂದರು. ಆದರೆ ವೈಟ್ ಕೋಟ್ ಬಿಪಿ ಇರುವವರಲ್ಲಿ ಎಷ್ಟೋ ಜನಕ್ಕೆ ಮುಂದೆ ನಿಜವಾದ ಬಿಪಿಯೇ ಬರುತ್ತದಂತೆ, ಹಾಗಾಗಿ ಕೈಬಿಡುವ ಹಾಗಿಲ್ಲ. ಅಪ್ಪನ ವಿಷಯ ಕೇಳಿದ ಮೇಲೆ ಕೊಲೆಸ್ಟರಾಲ್, ಇಸಿಜಿ, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಮಂಗಳವಾರ 24 ಗಂಟೆಯ ಮಿಷನ್ ಕಟ್ಟುತ್ತಾರೆ. ಗೊರಕೆ ಹೊಡೆಯುತ್ತೇನಾ ಅಂತ ಮನೆಯಲ್ಲಿ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.