ವಿಷಯ: ‘ಹಾಟ್‌ಸ್ಪಾಟ್’ಗೆ ಕನ್ನಡದಲ್ಲಿ ಏನು? (ವಾಯುಮಾಲಿನ್ಯ ನಕ್ಷೆಯ ಫಲಕಕ್ಕೆ, ನಾಳೆಗೆ ಬೇಕು)

ಜಯನಗರದಿಂದ:

ನಮಸ್ಕಾರ. ಬೆಂಗಳೂರಿನ ಪಿಎಂ 2.5 (ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳ) ನಕ್ಷೆ ಬಸ್ ತಂಗುದಾಣಗಳಲ್ಲಿ ಹಾಕಲು ಸಿದ್ಧವಾಗಿದೆ. ನಾಲ್ಕಡಿ ಅಗಲ, ಮೂರಡಿ ಎತ್ತರದ ತಗಡಿನ ಫಲಕ. ಬಣ್ಣಗಳ ವಿವರಕ್ಕೆ ಬಲಗಡೆ ಒಂದು ಗೇಣು ಜಾಗ, ಅಷ್ಟೇ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗುತ್ತದೆ.

ಪೀಣ್ಯ, ಸಿಲ್ಕ್ ಬೋರ್ಡ್, ಹೆಬ್ಬಾಳದ ಕಡೆ ಬಿದ್ದಿರುವ ಕೆಂಪು ಮಚ್ಚೆಗಳಿಗೆ ಮೂಲದಲ್ಲಿ ‘ಹಾಟ್‌ಸ್ಪಾಟ್’ ಎಂದಿದೆ. ‘ಬಿಸಿತಾಣ’ ಎಂದರೆ ಜನ ಸೆಕೆ ಜಾಸ್ತಿ ಇರುವ ಜಾಗ ಅಂದುಕೊಳ್ಳುತ್ತಾರೆ. ‘ಕಾನ್ಸೆಂಟ್ರೇಶನ್’ಗೆ ಸಾಂದ್ರತೆಯೋ ಸಾರತೆಯೋ? ಸೆನ್ಸರ್ ಇಲ್ಲದ ಕಡೆ ಲೆಕ್ಕ ಹಾಕಿ ತುಂಬಿದ ಬಣ್ಣಕ್ಕೆ ಸದ್ಯ ‘ಅಂತರ್ವೇಶಿತ ಮೌಲ್ಯ’ ಅಂತಿದೆ, ಓದುವಾಗ ನನಗೇ ನಾಲಗೆ ತೊಡರುತ್ತದೆ. ನಕ್ಷೆ ವರ್ಷದ ಸರಾಸರಿಯದು.

ಶಿರಸಿಯಿಂದ:

ಹೊಗೆಮಡು. ಹೊಳೆಯಲ್ಲಿ ನೀರು ಆಳವಾಗಿ ನಿಂತ ಜಾಗ ಮಡು. ತಮಿಳಿನಲ್ಲೂ ಮಡು, ತೆಲುಗಿನಲ್ಲಿ ಮಡುಗು. ದುಃಖ ಮಡುಗಟ್ಟುತ್ತದೆ, ಹೊಗೆ ಯಾಕೆ ಮಡುಗಟ್ಟಬಾರದು? ಗಾಳಿಯಾಡದ ಜಂಕ್ಷನ್‌ನಲ್ಲಿ ಆಗುವುದೂ ಅದೇ. ನಾಲ್ಕೇ ಅಕ್ಷರ, ನಿಮ್ಮ ಗೇಣು ಜಾಗಕ್ಕೆ ಸರಿ. ‘ಹೊಗೆಗೂಡು’ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಅದು ಅಡುಗೆಮನೆ ಮಾಡಿನ ಮೇಲಿನದು.

ಮೈಸೂರಿನಿಂದ:

ಹೊಗೆ ಮಾತ್ರ ಅಲ್ಲವಲ್ಲ. ರಸ್ತೆಯ ಮಣ್ಣು ಇದೆ, ಕಟ್ಟಡದ ಸಿಮೆಂಟು ಇದೆ, ಅನಿಲಗಳು ಗಾಳಿಯಲ್ಲೇ ಸೇರಿ ಕಣವಾದದ್ದೂ ಇದೆ. ‘ಮಾಲಿನ್ಯಮಡು’ ಎನ್ನಿ.

ಧಾರವಾಡದಿಂದ:

> ‘ಮಾಲಿನ್ಯಮಡು’ ಎನ್ನಿ.

ಅರಿಸಮಾಸ, ಸಂಸ್ಕೃತಕ್ಕ ಕನ್ನಡ ಹೊಲಿದದ್ದು. ಬ್ಯಾಡ.

ಮೈಸೂರಿನಿಂದ:

ಮಳೆಮಾಪಕವೂ ಅರಿಸಮಾಸವೇ. ಹವಾಮಾನ ವರದಿಯಲ್ಲಿ ಅದನ್ನು ಓದುವಾಗ ಯಾರ ಕಿವಿಯೂ ನೊಂದ ಹಾಗಿಲ್ಲ.

ಧಾರವಾಡದಿಂದ:

ವ್ಯಾಕರಣ ಬರೆದ ಕೇಶಿರಾಜ ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟಾನ. ಬಸ್ ಸ್ಟಾಪಿನ ತಗಡಿಗೆ ಕೊಟ್ಟಿಲ್ಲ.

ಮಲ್ಲೇಶ್ವರದಿಂದ:

ಪದ ಆಮೇಲೆ. ಮೊದಲು ಆ ಕೆಂಪು ಎಲ್ಲಿಂದ ಬಂತು ನೋಡಿ.

ಹೆಬ್ಬಾಳದ್ದನ್ನೇ ತೆಗೆದುಕೊಳ್ಳಿ. ಅಗ್ಗದ ಸೆನ್ಸರ್‌ನಲ್ಲಿ ಒಂದು ಪುಟ್ಟ ಫ್ಯಾನು ಗಾಳಿ ಎಳೆಯುತ್ತದೆ, ಲೇಸರ್ ಬೆಳಕು ಕಣಕ್ಕೆ ತಾಗಿ ಚದುರುತ್ತದೆ, ಚದುರಿದ್ದನ್ನು ನೋಡಿ ಅದು ತೂಕ ಊಹಿಸುತ್ತದೆ. ಗಾಳಿಯನ್ನು ಒಣಗಿಸುವ ಏರ್ಪಾಡು ಅದರಲ್ಲಿಲ್ಲ. ತೇವಾಂಶ ಶೇ 80ರ ಆಸುಪಾಸಿಗೆ ಬಂದರೆ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ. ಮಂಜು ಬಿದ್ದರೆ ಬರೀ ನೀರಹನಿಯೂ ಕಣದ ಲೆಕ್ಕಕ್ಕೆ ಹೋಗುತ್ತದೆ. ಕೆರೆ ದಂಡೆಯ ಸೆನ್ಸರ್ ಡಿಸೆಂಬರ್ ನಸುಕಿನಲ್ಲಿ ಏರಿ, ಬಿಸಿಲು ಬಿದ್ದೊಡನೆ ಇಳಿದರೆ ಅದು ಹೊಗೆಮಡುವಲ್ಲ, ಮಂಜಿನ ಮಡು ಇದ್ದೀತು. ವರ್ಷದ ಸರಾಸರಿಯೊಳಕ್ಕೂ ಅದು ನುಸುಳುತ್ತದೆ.

ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರಗಳಲ್ಲಿ ಇರುವಂಥ ಬೀಟಾ ಕಿರಣದ ಯಂತ್ರ ಬೇರೆ ಜಾತಿಯದು. ಒಳಬರುವ ಗಾಳಿಯನ್ನು ಬೆಚ್ಚಗೆ ಮಾಡಿ, ಕಣಗಳನ್ನು ಶೋಧಕ ಟೇಪಿನ ಮೇಲೆ ಕೂರಿಸಿ, ಕಿರಣ ಎಷ್ಟು ತಗ್ಗಿತು ಎಂಬುದರಿಂದ ತೂಕ ತೆಗೆಯುತ್ತದೆ, ಸಾಮಾನ್ಯವಾಗಿ ಗಂಟೆಗೊಂದು ಅಂಕಿ. ಸೆನ್ಸರ್‌ಗಳನ್ನು ಊರ ತುಂಬ ಹಂಚುವ ಮೊದಲು ಎಲ್ಲವನ್ನೂ ಅಂಥ ಯಂತ್ರದ ಪಕ್ಕ ಕಡಿಮೆಯೆಂದರೆ ಎರಡು ವಾರ ನಿಲ್ಲಿಸಿ, ಗಂಟೆಯ ಸರಾಸರಿಗಳನ್ನು ಹೋಲಿಸಿ, ತೇವಾಂಶವನ್ನೂ ಸೇರಿಸಿ ತಿದ್ದುವ ಸೂತ್ರ ಕಟ್ಟಬೇಕು. ಮಳೆಗಾಲದಲ್ಲಿ ಕಟ್ಟಿದ ಸೂತ್ರ ಮಾರ್ಚ್‌ಗೆ ನಡೆಯುವುದಿಲ್ಲ, ಮತ್ತೆ ನಿಲ್ಲಿಸಬೇಕು. ಗಾಳಿ ಒಳಹೋಗುವ ಕಿಂಡಿಯಲ್ಲಿ ಜೇಡ ಬಲೆ ಕಟ್ಟಿದರೆ ಆ ಜಾಗ ನಕ್ಷೆಯಲ್ಲಿ ಸುಳ್ಳು ಹಸಿರಾಗಬಹುದು. ಅದನ್ನು ಯಾರೂ ಅನುಮಾನಿಸುವುದಿಲ್ಲ, ಕೆಂಪನ್ನು ಮಾತ್ರ ಅನುಮಾನಿಸುತ್ತಾರೆ.

ಇನ್ನು ನಡುವಿನ ಬಣ್ಣ. ಸೆನ್ಸರ್‌ನಿಂದ ದೂರದ ವರ್ಗ ಹೆಚ್ಚಿದಷ್ಟೂ ಅದರ ಅಂಕಿಗೆ ಕೊಡುವ ಬೆಲೆ ಕಡಿಮೆ ಮಾಡುವ ಲೆಕ್ಕದಲ್ಲಿ ತುಂಬಿದ್ದರೆ ಪ್ರತಿ ಸೆನ್ಸರ್ ಸುತ್ತ ಕಾವಲಿಯ ಮೇಲೆ ಒಡೆದ ಮೊಟ್ಟೆಯ ಹಾಗೆ ದುಂಡು ಮಚ್ಚೆ ಬೀಳುತ್ತದೆ. ವಾಹನದ ಹೊಗೆ ರಸ್ತೆಯ ಗುಂಟ ಉದ್ದಕ್ಕೆ ಇರುತ್ತದೆಯೇ ಹೊರತು ದುಂಡಗೆ ಇರುವುದಿಲ್ಲ. ನೈಟ್ರೋಜನ್ ಡೈಆಕ್ಸೈಡ್ ಆದರೆ ರಸ್ತೆಯಿಂದ ಕೆಲವು ನೂರು ಮೀಟರ್‌ನೊಳಗೇ ಇಳಿದುಬಿಡುತ್ತದೆ. ಪಿಎಂ 2.5 ಅಷ್ಟು ಬೇಗ ಇಳಿಯದು, ಊರೆಲ್ಲ ಹರಡಿಕೊಂಡಿರುತ್ತದೆ. ನಿಮ್ಮ ಕೆಂಪು ದುಂಡಗಿದ್ದರೆ ಅದು ಗಾಳಿಯ ಗುಣವಲ್ಲ, ಲೆಕ್ಕದ ಗುಣ. ಅದಕ್ಕೆ ‘ಮಡು’ ಎಂದು ಹೆಸರಿಟ್ಟರೆ ಇಲ್ಲದ ಅಂಚನ್ನು ಇದೆ ಎಂದ ಹಾಗಾಗುತ್ತದೆ. ಪಕ್ಕದ ಬೀದಿಯವರು ತಾವು ಮಡುವಿನ ಹೊರಗಿದ್ದೇವೆ ಎಂದು ನೆಮ್ಮದಿಯಾಗಿರುತ್ತಾರೆ.

ಆದ್ದರಿಂದ: ಸೆನ್ಸರ್ ಇದ್ದ ಕಡೆ ತುಂಬು ಚುಕ್ಕೆ, ‘ಅಳೆದದ್ದು’. ಉಳಿದ ಕಡೆ ಓರೆಗೆರೆ, ‘ಅಂದಾಜು’. ಅಂತರ್ವೇಶಿತವನ್ನು ಬಿಟ್ಟುಹಾಕಿ.

ಬರ್ಕ್‌ಲಿಯಿಂದ:

‘ಅಂದಾಜು’ ಪಾರಸಿಯಿಂದ ಎರವಲು ಬಂದದ್ದು. ‘ಎಣಿಕೆ’ ಇದೆ, ‘ಎಣಿಸಿದ್ದು’ ಎನ್ನಬಹುದು. ಸೆನ್ಸರ್‌ಗೆ ‘ಅರಿವುಕ’. ಸಂಸ್ಕ್ರುತದ ‘ಸಂವೇದಕ’ಕ್ಕಿಂತ ಬಾಯಿಗೆ ಹಗುರ, ಅರ‍್ತವೂ ನೇರ. ನಮ್ಮದೇ ಬೇರುಗಳಿಂದ ಪದ ಕಟ್ಟದಿದ್ದರೆ ನುಡಿ ಬೆಳೆಯುವುದು ಹೇಗೆ?

ಮೈಸೂರಿನಿಂದ:

‘ಅರ‍್ತ’ ಎಂದು ಮಹಾಪ್ರಾಣ ಬಿಟ್ಟು ಬರೆದರೂ ಅದು ಸಂಸ್ಕೃತವೇ. ‘ಎಣಿಸಿದ್ದು’ ಎಂದರೆ ಒಂದು, ಎರಡು, ಮೂರು ಎಂದು ಎಣಿಸಿದ್ದು. ಕಣ ಎಣಿಸುವುದು ಸೆನ್ಸರ್ ಕೆಲಸ, ಹಾಗಾದರೆ ಅಳೆದದ್ದೇ ‘ಎಣಿಸಿದ್ದು’ ಆಯಿತು. ತಲೆಕೆಳಗು.

ಶಿರಸಿಯಿಂದ:

ಪಾರಸಿ ಬೇಡವೆಂದರೆ ‘ರಸ್ತೆ’ಯನ್ನೂ ಬಿಡಬೇಕು. ‘ನಕ್ಷೆ’ ಅರಬ್ಬಿಯದು, ಫಲಕದ ತಲೆಬರಹವೇ ಹೋಯಿತು. ಉಳಿಯುವ ಅಚ್ಚಗನ್ನಡ ಹೊಗೆ ಒಂದೇ.

ಧಾರವಾಡದಿಂದ:

ಎರವಲು ತಪ್ಪಲ್ಲ, ಅರ್ಧ ಎರವಲು ಅರ್ಧ ಸ್ವಂತ ಹೊಲಿದದ್ದು ತಪ್ಪು. ಇದನ್ನ ಎಷ್ಟು ಸಲ ಹೇಳಬೇಕು.

ಜಯನಗರದಿಂದ:

ದಯವಿಟ್ಟು ಸಾಂದ್ರತೆ, ಸಾರತೆಯ ಬಗ್ಗೆ ಯಾರಾದರೂ ಹೇಳಿ. ಬಣ್ಣಗಳಿಗೆ ಉತ್ತಮ, ಸಮಾಧಾನಕರ, ಮಧ್ಯಮ, ಕಳಪೆ, ಅತಿ ಕಳಪೆ, ಗಂಭೀರ ಎಂದು ಹಾಕಿದ್ದೇವೆ, ಅದು ಸರಿ ತಾನೆ?

ಮಲ್ಲೇಶ್ವರದಿಂದ:

ಸರಿಯಿಲ್ಲ. ಆ ಆರು ಹೆಸರು ವಾಯು ಗುಣಮಟ್ಟ ಸೂಚ್ಯಂಕದವು, ಪಿಎಂ 2.5ಕ್ಕೆ 24 ಗಂಟೆಯ ಸರಾಸರಿಗೆ, ಘನ ಮೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಕಟ್ಟಿದವು: 30ರವರೆಗೆ ಉತ್ತಮ, 60ರವರೆಗೆ ಸಮಾಧಾನಕರ, 90ರವರೆಗೆ ಮಧ್ಯಮ, 120ರವರೆಗೆ ಕಳಪೆ, 250ರವರೆಗೆ ಅತಿ ಕಳಪೆ, ಆಮೇಲೆ ಗಂಭೀರ. ನಿಮ್ಮದು ವರ್ಷದ ಸರಾಸರಿ. ವರ್ಷಕ್ಕೆ ನಮ್ಮ ರಾಷ್ಟ್ರೀಯ ಮಿತಿ 40, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ವರ್ಷವಿಡೀ 55 ಇದ್ದ ಬಡಾವಣೆಗೆ ನಿಮ್ಮ ಫಲಕ ‘ಸಮಾಧಾನಕರ’ ಎಂದು ಸರ್ಟಿಫಿಕೇಟು ಕೊಡುತ್ತದೆ. ಹೆಸರುಗಳನ್ನು ತೆಗೆದು ಬರೀ ಅಂಕಿ ಹಾಕಿ, 40ರ ಸಮರೇಖೆಯನ್ನು (ಅಷ್ಟೇ ಇರುವ ಜಾಗಗಳನ್ನು ಕೂಡಿಸುವ ಗೆರೆ) ದಪ್ಪಗೆ ಎಳೆಯಿರಿ. ಸೂಚ್ಯಂಕದ ಅಂಕಿಯನ್ನೂ ಬೆರೆಸಬೇಡಿ, 60 ಮೈಕ್ರೋಗ್ರಾಂ ಅಲ್ಲಿ 100 ಆಗುತ್ತದೆ.

ಸಾಂದ್ರತೆ ಶಾಲೆಯ ಪುಸ್ತಕದಲ್ಲಿ ‘ಡೆನ್ಸಿಟಿ’ಗೆ ಹೋಗಿದೆ. ಸಾರತೆ ಆಮ್ಲದ ಬಾಟಲಿಗೆ ಚೆನ್ನ: ಸಾರಯುತ, ಸಾರರಿಕ್ತ. ಗಾಳಿಗೆ ‘ಪ್ರಮಾಣ’ ಸಾಕು, ಹಿಂದೆ ಏಕಮಾನ ಇದ್ದೇ ಇರುತ್ತದಲ್ಲ.

ಆ ಏಕಮಾನವನ್ನು ಮಾತ್ರ ಚಿಕ್ಕದು ಮಾಡಬೇಡಿ. ‘ಮೈ.ಗ್ರಾಂ’ ಎಂದು ಬರೆದು ಕಳಿಸಿದರೆ ಅಚ್ಚಿನವರು ತಪ್ಪಾಗಿದೆ ಎಂದು ‘ಮಿ.ಗ್ರಾಂ’ ಮಾಡುತ್ತಾರೆ. ಒಂದು ಗುಣಿತಾಕ್ಷರ ಬದಲಾದರೆ ಸಾವಿರ ಪಟ್ಟು. ಅಷ್ಟು ಪಿಎಂ 2.5 ಇದ್ದರೆ ಎದುರಿನ ಬಸ್ಸೇ ಕಾಣುವುದಿಲ್ಲ.

ಮೈಸೂರಿನಿಂದ:

‘ಪ್ರಮಾಣ’ಕ್ಕೆ ಆಣೆ ಎಂಬ ಅರ್ಥವೂ ಇದೆ.

ಮಲ್ಲೇಶ್ವರದಿಂದ:

ಇರಲಿ ಬಿಡಿ ಸ್ವಾಮಿ.

ಜಯನಗರದಿಂದ:

ಎಲ್ಲರಿಗೂ ವಂದನೆ. ಅಚ್ಚಿಗೆ ಹೋಗುತ್ತಿರುವುದು ಇಷ್ಟು:

ಗಾಳಿಯಲ್ಲಿ ಪಿಎಂ 2.5 ಪ್ರಮಾಣ, ವರ್ಷದ ಸರಾಸರಿ
(ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ)
ಚುಕ್ಕೆ: ಅಳೆದದ್ದು
ಓರೆಗೆರೆ: ಅಂದಾಜು
ದಪ್ಪ ಗೆರೆ: 40, ರಾಷ್ಟ್ರೀಯ ಮಿತಿ
ಕೆಂಪು: ಮಿತಿ ಮೀರಿದ ಜಾಗ

ಹಾಟ್‌ಸ್ಪಾಟ್‌ಗೆ ಬೇರೆ ಪದವೇ ಬೇಕಾಗಲಿಲ್ಲ. ಹೆಬ್ಬಾಳದ ಸೆನ್ಸರ್‌ನ ನಸುಕಿನ ಅಂಕಿಗಳನ್ನು ತೇವಾಂಶದ ಜತೆ ಇನ್ನೊಮ್ಮೆ ನೋಡುವವರೆಗೆ ಆ ಮಚ್ಚೆಯನ್ನು ತೆಗೆದಿದ್ದೇವೆ. ‘ಹೊಗೆಮಡು’ ಇಷ್ಟವಾಯಿತು, ಫಲಕಕ್ಕೆ ಮಾತ್ರ ಆಗಲಿಲ್ಲ.

ಶಿರಸಿಯಿಂದ:

ಆಗದಿದ್ದರೆ ಬೇಡ. ಪದ ಕೆಡುವುದಿಲ್ಲ.

ಧಾರವಾಡದಿಂದ:

ಇನ್ನೊಂದು. ‘ಧೂಳು’ ಅಂತ ಹಾಕಬ್ಯಾಡ್ರಿ, ‘ದೂಳು’ ಅಂತ ಹಾಕ್ರಿ. ತಮಿಳಿನ ತೂಳ್ ನೋಡ್ರಿ.

ಮೈಸೂರಿನಿಂದ:

ಸಂಸ್ಕೃತದ ‘ಧೂಲಿ’ಯನ್ನೂ ನೋಡಿ.

ಜಯನಗರದಿಂದ:

ಫಲಕದಲ್ಲಿ ಆ ಪದವೇ ಇಲ್ಲ ಸರ್.