ಹರಕೆ ಸಂದದ್ದು ದೇವರಿರುವುದಕ್ಕೆ ಪ್ರಮಾಣವಾದೀತೇ?

ಕದ್ರಿಯ ಓದುಗ (ಪ್ರಶ್ನೆ):
ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಮುಂದಿನ ತಿಂಗಳು ಕಟೀಲು ಮೇಳದ ಹರಕೆ ಆಟವಿದೆ (ಹರಕೆ ತೀರಿಸಲು ಆಡಿಸುವ ಯಕ್ಷಗಾನ). ಮಗ ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದಾಗ ಹೇಳಿಕೊಂಡ ಹರಕೆಯದು. ಆಟದ ಸರದಿ ಬರುವಷ್ಟರಲ್ಲಿ ಹುಡುಗ ಎಂಜಿನಿಯರಿಂಗ್ ಮುಗಿಸಿದ್ದಾನೆ. ದೇವರಿದ್ದಾನೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ಅವರು ಕೇಳುತ್ತಾರೆ. ಅವರ ಭಕ್ತಿಯನ್ನು ಕೆಣಕುವ ಉದ್ದೇಶ ನನಗಿಲ್ಲ. ಆದರೆ ಬೇರೆ ವಿಷಯಗಳಲ್ಲಿ ನಾವು ಯಾವುದನ್ನು ಸಾಕ್ಷ್ಯವೆಂದು ಒಪ್ಪುತ್ತೇವೆಯೋ, ಅಂಥದ್ದನ್ನು ದೇವರ ಮೇಲಿನ ನಂಬಿಕೆಗೂ ಒದಗಿಸಲು ಸಾಧ್ಯವೇ? ನಮ್ಮ ಶಾಸ್ತ್ರಕಾರರು ಈ ಬಗ್ಗೆ ಏನು ಹೇಳಿದ್ದಾರೆ? ತಿಳಿದವರು ದಯವಿಟ್ಟು ಬರೆಯಬೇಕು.

ಸುರತ್ಕಲ್ ನಿವಾಸಿ:
ಹರಕೆ ಕೈಗೂಡಿದವರ ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ, ಚೆಂಡೆಯ ಸದ್ದು ನಾಲ್ಕೂರಿಗೆ ಕೇಳಿಸುತ್ತದೆ. ಕೈಗೂಡದವರ ಮನೆಯಲ್ಲಿ ಆಟವೇ ಇಲ್ಲವಾದ್ದರಿಂದ ಅವರು ಲೆಕ್ಕಕ್ಕೆ ಸಿಗುವುದೇ ಇಲ್ಲ. ಎರಡೂ ಬಗೆಯವರನ್ನು ಎಣಿಸದೆ ಸಾಕ್ಷ್ಯದ ಮಾತನಾಡುವಂತಿಲ್ಲ.

ಹಾಗೆ ಎಣಿಸಿದ ಅಧ್ಯಯನವೊಂದು 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1802 ರೋಗಿಗಳನ್ನು ಮೂರು ಗುಂಪು ಮಾಡಿ, ಎರಡು ಗುಂಪುಗಳಿಗಾಗಿ ಅಪರಿಚಿತರಿಂದ ಪ್ರಾರ್ಥನೆ ಮಾಡಿಸಲಾಯಿತು. ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಎಂದು ಖಚಿತವಾಗಿ ತಿಳಿಯದಿದ್ದವರಲ್ಲಿ, ಪ್ರಾರ್ಥನೆ ನಡೆದ ಗುಂಪಿನ ಶೇ. 52 ಮಂದಿಗೆ, ನಡೆಯದ ಗುಂಪಿನ ಶೇ. 51 ಮಂದಿಗೆ ತೊಡಕುಗಳು ಕಾಣಿಸಿಕೊಂಡವು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ತಿಳಿದಿದ್ದವರಲ್ಲಿ ಇದು ಶೇ. 59! ಇದರಿಂದ ದೇವರಿಲ್ಲ ಎಂದು ಸಿದ್ಧವಾಗುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ರೋಗಿಗಳ ಮನೆಯವರು ಮಾಡುವ ಪ್ರಾರ್ಥನೆಯನ್ನು ಯಾರೂ ತಡೆದಿರಲಿಲ್ಲ. ಅಲ್ಲದೆ ದೇವರು ಮಾತ್ರೆಯಲ್ಲ, ನುಂಗಿದ ಕೂಡಲೇ ಕೆಲಸ ಮಾಡಲು. ಆದರೆ ರೋಗ ಗುಣವಾದದ್ದನ್ನು ಸಾಕ್ಷಿಯಾಗಿ ಮುಂದಿಡುವವರು ಗುಣವಾಗದಿದ್ದಾಗ ಮಾತ್ರ ದೇವರ ಇಚ್ಛೆ ಅಗಮ್ಯ ಎಂದರೆ, ಅದು ಪರೀಕ್ಷೆಗೆ ಸಿಗದ ಮಾತಾಯಿತು.

ರಥಬೀದಿಯ ವಿದ್ಯಾರ್ಥಿ, ಉಡುಪಿ:
ಶಾಸ್ತ್ರಕಾರರ ಬಗ್ಗೆ ಕೇಳಿದ್ದೀರಿ. ಅನುಮಾನದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕದಿಂದ, ಈಶ್ವರನನ್ನು ಸಾಧಿಸಲು ಹೊರಟವರಲ್ಲಿ ಪ್ರಮುಖರು ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು. ಮಡಕೆಗೆ ಕುಂಬಾರನಿರುವಂತೆ ಕಾರ್ಯರೂಪವಾದ ಜಗತ್ತಿಗೂ ಕರ್ತನಿರಲೇಬೇಕು ಎನ್ನುವುದು ಉದಯನಾಚಾರ್ಯರು ವಿಸ್ತರಿಸಿದ ವಾದಗಳಲ್ಲಿ ಒಂದು. ಇದನ್ನು ಖಂಡಿಸಿದವರು ನಾಸ್ತಿಕರು ಮಾತ್ರ ಎಂದು ಹಲವರು ಭಾವಿಸಿದ್ದಾರೆ, ಅದು ಸರಿಯಲ್ಲ. ಜಗತ್ತೆಲ್ಲ ಒಂದೇ ಕಾಲದಲ್ಲಿ, ಒಬ್ಬನೇ ಕರ್ತನಿಂದ ಆಯಿತೆಂದು ಈ ಅನುಮಾನದಿಂದ ಹೇಗೆ ತಿಳಿಯುತ್ತದೆ ಎಂದು ರಾಮಾನುಜರು ಶ್ರೀಭಾಷ್ಯದಲ್ಲಿ ಕೇಳುತ್ತಾರೆ. ನಮ್ಮ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರಂತೂ ವಿಷ್ಣುತತ್ತ್ವವಿನಿರ್ಣಯದ ಮೊದಲ ಶ್ಲೋಕದಲ್ಲೇ ನಾರಾಯಣನನ್ನು 'ಸದಾಗಮೈಕವಿಜ್ಞೇಯ', ಅಂದರೆ ವೇದ ಮೊದಲಾದ ಸದಾಗಮಗಳಿಂದ ಮಾತ್ರ ತಿಳಿಯತಕ್ಕವನು, ಎಂದಿದ್ದಾರೆ. ಪ್ರತ್ಯಕ್ಷ, ಅನುಮಾನ, ಆಗಮ ಮೂರನ್ನೂ ಪ್ರಮಾಣವೆಂದು ಒಪ್ಪಿದವರೇ ದೇವರ ವಿಷಯದಲ್ಲಿ ಬರಿಯ ಅನುಮಾನ ಸಾಲದು ಎಂದರೆ, ಹರಕೆಯಿಂದ ದೇವರನ್ನು ಸಾಧಿಸುವ ಹಂಗು ಆಸ್ತಿಕನಿಗೆ ಇಲ್ಲವೆಂದಾಯಿತು.

ಕಾರ್ಕಳದವ:
ರಥಬೀದಿಯವರ ವಿವರಣೆ ಚೆನ್ನಾಗಿದೆ, ಆದರೆ ಕಷ್ಟವನ್ನು ಅದು ಒಂದು ಮೆಟ್ಟಿಲು ಹಿಂದಕ್ಕೆ ತಳ್ಳುತ್ತದೆ, ಅಷ್ಟೆ. ವೇದಕ್ಕೆ ಕರ್ತೃವಿಲ್ಲ, ಆದ್ದರಿಂದ ದೋಷವಿಲ್ಲ ಎನ್ನುತ್ತಾರೆ. ಕರ್ತೃ ಯಾರೆಂದು ನೆನಪಿಲ್ಲದಿರುವುದು ಬೇರೆ, ಕರ್ತೃವೇ ಇಲ್ಲದಿರುವುದು ಬೇರೆ. ನಮ್ಮೂರಿನ ಬೆಟ್ಟದ ಮೇಲೆ 1432ರಿಂದ ನಿಂತಿರುವ ಗೊಮ್ಮಟನಿಗೆ ಕೈಮುಗಿಯುವ ಜೈನರು ಜಗತ್ಕರ್ತನನ್ನು ಒಪ್ಪುವುದೇ ಇಲ್ಲ. ಅವರ ಆಚಾರ್ಯ ಸಮಂತಭದ್ರರು ಆಪ್ತಮೀಮಾಂಸೆಯ ಆರಂಭದಲ್ಲಿ ತಮ್ಮ ಜಿನನಿಗೇ ಹೇಳುವ ಮಾತು ಅಪರೂಪದ್ದು: ದೇವತೆಗಳು ಇಳಿದು ಬರುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರ ಬೀಸುವುದು ಇವೆಲ್ಲ ಮಾಯಾವಿಗಳಲ್ಲಿಯೂ ಕಾಣುತ್ತವೆ, ಆದ್ದರಿಂದ ನೀನು ನಮಗೆ ದೊಡ್ಡವನಲ್ಲ. ಪವಾಡಕ್ಕೆ ಬೆಲೆ ಕೊಡದ ಇಂಥ ಸ್ತುತಿಯನ್ನು ನಾನು ಬೇರೆಲ್ಲೂ ಓದಿಲ್ಲ.

ಇನ್ನು ಹರಕೆಯ ಮಾತು. ಅತ್ತೂರಿನ ಸಂತ ಲಾರೆನ್ಸರ ಜಾತ್ರೆಯಲ್ಲಿ ಮೇಣದಬತ್ತಿ ಹಚ್ಚುವವರಲ್ಲಿ ಹಿಂದೂಗಳೂ ಇದ್ದಾರೆ. ಉಳ್ಳಾಲದ ದರ್ಗಾಕ್ಕೂ ಎಲ್ಲ ಮತದವರು ಹೋಗುತ್ತಾರೆ. ಎಲ್ಲ ಕಡೆಯೂ ಹರಕೆ ಸಲ್ಲುತ್ತದೆ ಎಂದಾದರೆ, ಪರಸ್ಪರ ಒಪ್ಪದ ಸಿದ್ಧಾಂತಗಳಿಗೆಲ್ಲ ಅದು ಸಮನಾದ ಸಾಕ್ಷಿಯಾಗುತ್ತದೆ.

ಕದ್ರಿಯ ಓದುಗ:
ಹಾಗಾದರೆ ಸಾಕ್ಷ್ಯವಿಲ್ಲದೆ ನಂಬುವುದು ಅವಿವೇಕವೇ?

ರಥಬೀದಿಯ ವಿದ್ಯಾರ್ಥಿ, ಉಡುಪಿ:
ಹಾಗೆ ಹೇಳಬೇಕಾಗಿಲ್ಲ. ಜ್ಞಾನ ಸ್ವತಃ ಪ್ರಮಾಣ, ಬಾಧಕ (ಅದನ್ನು ಸುಳ್ಳಾಗಿಸುವ ಕಾರಣ) ಕಂಡಾಗ ಮಾತ್ರ ಅದನ್ನು ಬಿಡಬೇಕು ಎನ್ನುವುದು ನಮ್ಮ ಪಕ್ಷ. ಪ್ರತಿಯೊಂದು ತಿಳಿವಳಿಕೆಗೂ ಇನ್ನೊಂದು ಪ್ರಮಾಣ ಕೇಳುತ್ತ ಹೋದರೆ ಅದಕ್ಕೆ ಕೊನೆಯಿಲ್ಲ. ದೇವರ ನಂಬಿಕೆಗೆ ಬೇರೆ ವಾದದ ಆಧಾರ ಬೇಕಿಲ್ಲವೆಂದು ಅಮೆರಿಕದ ತತ್ತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗಾ ವಾದಿಸಿದ್ದೂ ಬಹುಮಟ್ಟಿಗೆ ಇದೇ ದಾರಿಯಲ್ಲಿ. ಆದರೆ ಬಾಧಕವೆಂದು ಯಾವುದನ್ನು ಒಪ್ಪುತ್ತೇವೆ ಎಂಬುದನ್ನು ನಂಬುವವರು ಮೊದಲೇ ಹೇಳಬೇಕು. ನನ್ನ ಮಟ್ಟಿಗೆ, ಏನೂ ಅರಿಯದ ಕೂಸುಗಳ ನೋವು ಅಂಥ ಬಾಧಕವಾಗಬಲ್ಲದು. ಜೀವರ ಕರ್ಮಕ್ಕೆ ತಕ್ಕಂತೆ ಫಲ ಕೊಡುವುದರಿಂದ ದೇವರಿಗೆ ಪಕ್ಷಪಾತವೂ ಇಲ್ಲ, ನಿರ್ದಯತೆಯೂ ಇಲ್ಲ ಎಂಬುದು ಬ್ರಹ್ಮಸೂತ್ರದ ಸಮಾಧಾನ. ಆದರೆ ಕರ್ಮ ಅನಾದಿ ಎಂದು ತಿಳಿಯುವುದೂ ಆಗಮದಿಂದಲೇ ಆದ್ದರಿಂದ, ಕಾರ್ಕಳದವರ ಆಕ್ಷೇಪ ಅಲ್ಲಿಗೂ ತಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯಲಾರೆ.