‘ಡಿಟೆಕ್ಷನ್ ರೇಂಜ್’ಗೆ ‘ಪತ್ತೆ ವ್ಯಾಪ್ತಿ’ ಸರಿಯೇ?

ಪ್ರಶ್ನೆ (ಶಿರಸಿಯಿಂದ):

ಮೀನಿಗೆ, ಕಡಲಾಮೆಗೆ ಧ್ವನಿ ಟ್ಯಾಗ್ ಹಾಕಿ ಅವುಗಳ ಓಡಾಟ ತಿಳಿಯುವ ವಿಧಾನದ ಬಗ್ಗೆ ಮೀನುಗಾರರಿಗೆಂದು ಬರೆದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಟ್ಯಾಗ್’ಗೆ ಬಿಲ್ಲೆ, ‘ಡಿಟೆಕ್ಷನ್’ಗೆ ಪತ್ತೆ, ‘ಡಿಟೆಕ್ಷನ್ ರೇಂಜ್’ಗೆ ಪತ್ತೆ ವ್ಯಾಪ್ತಿ ಎಂದು ಸದ್ಯಕ್ಕೆ ಹಾಕಿಕೊಂಡಿದ್ದೇನೆ. ಕರಾವಳಿಯವರಿಗೆ ಇದು ಸರಿಯಾಗಿ ತಲುಪೀತೇ? ಬಲ್ಲವರು ತಿದ್ದಿಕೊಡಬೇಕು.

ಉತ್ತರ (ಕಾರವಾರದಿಂದ):

ನಮಸ್ಕಾರ. ಮೂರರಲ್ಲಿ ಹೆಚ್ಚು ತೊಂದರೆ ಕೊಡುವುದು ‘ಪತ್ತೆ’. ಇಲ್ಲಿ ಕಡಲಿಗೆ ಹೋದವರು ‘ಪತ್ತೆಯಾಗಿಲ್ಲ’ ಅಂದರೆ ನಾಪತ್ತೆ ಎಂದೇ ಅರ್ಥ. ಟ್ಯಾಗ್ ವಿಷಯದಲ್ಲಿ ಹಾಗಲ್ಲ. ಉಪ್ಪುನೀರಿನಲ್ಲಿ ರೇಡಿಯೊ ತರಂಗ ದೂರ ಹೋಗದು, ಜಿಪಿಎಸ್ ನಡೆಯದು. ಶಬ್ದ ಮಾತ್ರ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಸಾಗುತ್ತದೆ. ಟ್ಯಾಗ್ ಕೂಗುತ್ತದೆ, ನೀರಿನಡಿ ಕಟ್ಟಿಟ್ಟ ರಿಸೀವರ್ ಅದನ್ನು ಕೇಳಿಸಿಕೊಂಡು ಟ್ಯಾಗಿನ ಸಂಖ್ಯೆಯನ್ನೂ ಹೊತ್ತನ್ನೂ ಬರೆದಿಟ್ಟುಕೊಳ್ಳುತ್ತದೆ. ಕೇಳಿಸದಿದ್ದರೆ ಮೀನು ಅಲ್ಲಿರಲಿಲ್ಲ ಎಂದು ಹೇಳಲು ಬರುವುದಿಲ್ಲ. ಆದ್ದರಿಂದ ‘ಕೇಳಿಸಿತು’, ‘ಕೇಳಿಸಲಿಲ್ಲ’ ಎಂದೇ ಬರೆಯಿರಿ. ಪಟ್ಟಿಯ ತಲೆಬರಹಕ್ಕೆ ನಾಮಪದ ಬೇಕಾದರೆ ‘ದಾಖಲು’ ಸಾಕು. ‘ಕೇಳಿಕೆ’ ಬೇಡ, ಅದು ಬೇಡಿಕೆಯ ಅರ್ಥಕ್ಕೆ ಜಾರುತ್ತದೆ.

ಹತ್ತಿರವಿದ್ದೂ ಕೇಳಿಸದಿರಲು ಕಾರಣಗಳಿವೆ. ಸಾಮಾನ್ಯ ಟ್ಯಾಗ್ ಒಂದು ಸಲ ಕೂಗಿದರೆ 69 ಕಿಲೋಹರ್ಟ್ಸ್‌ನಲ್ಲಿ ಮೂರ್ನಾಲ್ಕು ಸೆಕೆಂಡಿನ ಹೊತ್ತು ಬಿಟ್ಟುಬಿಟ್ಟು ಮಿಡಿಯುತ್ತದೆ. ಮಿಡಿತಗಳ ನಡುವಿನ ಅಂತರದಲ್ಲೇ ಸಂಖ್ಯೆ ಅಡಗಿದೆ. ಒಂದು ಮಿಡಿತ ತಪ್ಪಿದರೂ ಇಡೀ ಕೂಗು ವ್ಯರ್ಥ. ಎರಡು ಮೀನು ಒಟ್ಟಿಗೇ ಕೂಗಿದರೆ ಎರಡೂ ಹೋಗುತ್ತವೆ, ಅಪರೂಪಕ್ಕೆ ಯಾವ ಮೀನಿನಲ್ಲೂ ಇಲ್ಲದ ಸಂಖ್ಯೆ ಹುಟ್ಟುತ್ತದೆ. ಇದನ್ನು ತಪ್ಪಿಸಲೆಂದೇ ಕೂಗುಗಳ ನಡುವೆ, ಉದಾಹರಣೆಗೆ 60ರಿಂದ 180 ಸೆಕೆಂಡುಗಳ ಒಳಗೆ, ಹೆಚ್ಚುಕಮ್ಮಿಯಾಗುವ ಬಿಡುವು ಇಡುತ್ತಾರೆ. 24 ಗಂಟೆಯಲ್ಲಿ ಒಂದೇ ಒಂದು ಸಲ ಬಂದ ಸಂಖ್ಯೆಯನ್ನು ಲೆಕ್ಕದಿಂದ ತೆಗೆಯುವುದೂ ರೂಢಿ. ಕೈಪಿಡಿಯಲ್ಲಿ ಇಂಥ ದಾಖಲನ್ನು ‘ಸುಳ್ಳು ಪತ್ತೆ’ ಎನ್ನುವ ಬದಲು ‘ತಪ್ಪು ದಾಖಲು’ ಎಂದರೆ ಯಾರೋ ಸುಳ್ಳು ಹೇಳಿದಂತೆ ಆಗುವುದಿಲ್ಲ.

‘ವ್ಯಾಪ್ತಿ’ ಅಂದಕೂಡಲೇ ನಕ್ಷೆಯ ಮೇಲೆ ಕೊರೆದ ವೃತ್ತ ಕಣ್ಣಿಗೆ ಬರುತ್ತದೆ. ಇಲ್ಲಿ ಅಂಥ ವೃತ್ತವಿಲ್ಲ. ನಮ್ಮಲ್ಲಿ ‘ಕೂಗಳತೆ’ ಎಂಬ ಒಳ್ಳೆಯ ಮಾತಿದೆ, ಅದನ್ನೇ ಹಾಕಿ. ಕೂಗಳತೆ ಗಾಳಿಗೆ, ಗದ್ದಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಯಾರಿಗೂ ವಿವರಿಸಬೇಕಿಲ್ಲ. ಶಾಂತ ದಿನ ಅರ್ಧ ಕಿಲೋಮೀಟರ್ ಆಚೆಯ ಟ್ಯಾಗ್ ಕೇಳಿಸುವ ಜಾಗದಲ್ಲೇ ಅಲೆ, ಬೋಟಿನ ಇಂಜಿನ್, ಬಂಡೆಸಂದಿನಲ್ಲಿ ಚಟಚಟ ಸದ್ದು ಮಾಡುವ ಸಿಗಡಿ ಎಲ್ಲ ಸೇರಿದರೆ ನೂರಿನ್ನೂರು ಮೀಟರಿಗೆ ಇಳಿಯಬಹುದು. ಕಾಳಿಯಂಥ ಅಳಿವೆಯಲ್ಲಿ ಇನ್ನೊಂದು ತೊಡಕು: ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು ಪದರವಾಗಿ ನಿಂತಾಗ ಶಬ್ದ ಬಾಗುತ್ತದೆ; ಮೇಲ್ಪದರದ ಮೀನು ಕೆಳಗಿನ ರಿಸೀವರಿಗೆ ಕೇಳಿಸದೇ ಹೋಗಬಹುದು. ನೇತ್ರಾಣಿಯಂಥ ದ್ವೀಪದ ಸುತ್ತ ಬಂಡೆಯ ಮರೆಯೇ ಸಾಕು.

ಕೂಗಳತೆಯನ್ನು ಅಳೆದೇ ತಿಳಿಯಬೇಕು. ನಿಗದಿತ ಬಿಡುವಿನಲ್ಲಿ ಕೂಗುವ ಪರೀಕ್ಷಾ ಟ್ಯಾಗನ್ನು ರಿಸೀವರ್‌ನಿಂದ 100, 200, 300, 400 ಮೀಟರ್ ದೂರದಲ್ಲಿ ಲಂಗರು, ಬೆಂಡು ಕಟ್ಟಿ ಇಳಿಬಿಡಿ. ಒಂದೊಂದು ಕಡೆ ಒಂದು ಪೂರ್ತಿ ಉಬ್ಬರ, ಇಳಿತ ದಾಟಲಿ. ಕೂಗಿದ್ದೆಷ್ಟು, ಕೇಳಿಸಿದ್ದೆಷ್ಟು ಎಂದು ಎಣಿಸಿ, ಅರ್ಧದಷ್ಟು ಕೇಳಿಸುವ ದೂರವನ್ನು ಕೂಗಳತೆ ಎಂದಿಟ್ಟುಕೊಳ್ಳಬಹುದು. ಅಳಿವೆಗೆ ಅಡ್ಡಲಾಗಿ ರಿಸೀವರ್ ಸಾಲು ಹಾಕುವಾಗ ಎರಡರ ನಡುವಿನ ಅಂತರ ಈ ದೂರದ ಎರಡರಷ್ಟಕ್ಕಿಂತ ಕಮ್ಮಿಯೇ ಇರಬೇಕು: ಕೂಗಳತೆ 200 ಮೀಟರ್ ಇದ್ದರೆ ಅಂತರ 300 ಮೀಟರ್ ಇಟ್ಟರೆ ಒಳ್ಳೆಯದು. ಇಂಥ ಸಾಲನ್ನು ‘ಜಾಲ’ ಎಂದು ಮಾತ್ರ ಬರೆಯಬೇಡಿ, ಮೀನುಗಾರರು ಬಲೆ ಎಂದೇ ಓದುತ್ತಾರೆ. ‘ರಿಸೀವರ್ ಸಾಲು’ ಸಾಕು.

ರಿಸೀವರ್ ಕಟ್ಟುವ ಕಡೆ ‘ಸರಪಳಿ’ ಎಂದಿದ್ದರೆ ಮೂಲವನ್ನು ಇನ್ನೊಮ್ಮೆ ನೋಡಿ. ಕೇಳುವ ತುದಿಯ ಹತ್ತಿರ ಕಬ್ಬಿಣದ ಸರಪಳಿ ಕಿಣಿಕಿಣಿ ಎಂದರೆ ಅದೇ ಗದ್ದಲವಾಗುತ್ತದೆ. ಅಲ್ಲಿ ಹಗ್ಗವೇ ಬೇಕು. ದೋಣಿಯ ತಳಕ್ಕೆ ಹತ್ತುವ ಬಾರ್ನಕಲ್ ಆ ತುದಿಗೆ ಹತ್ತಿದರೂ ಕೂಗಳತೆ ಕುಗ್ಗುತ್ತದೆ. ಮಳೆಗಾಲಕ್ಕೆ ಮುಂಚೆ ಎತ್ತಿ, ಕೆರೆದು, ದಾಖಲು ಇಳಿಸಿಕೊಂಡು, ಅದರ ಗಡಿಯಾರ ಎಷ್ಟು ಸರಿದಿದೆ ಎಂದು ಗುರುತು ಹಾಕಿಕೊಳ್ಳುವುದು ಕ್ರಮ.

ಇನ್ನು ‘ಬಿಲ್ಲೆ’. ರೆಕ್ಕೆಯ ಬುಡಕ್ಕೆ ಚುಚ್ಚುವ ನಂಬರಿನ ತುಂಡಿಗೆ ಆ ಪದ ಹೊಂದುತ್ತದೆ. ಧ್ವನಿ ಟ್ಯಾಗ್ ಕೊಳವೆಯಾಕಾರದ್ದು. ಮೀನಿನ ಹೊಟ್ಟೆ ಕೊಯ್ದು ಒಳಗಿಟ್ಟು ಹೊಲಿದಿರುತ್ತಾರೆ. (ಕಡಲಾಮೆಗಾದರೆ ಚಿಪ್ಪಿಗೆ ಎಪಾಕ್ಸಿಯಲ್ಲಿ ಅಂಟಿಸುತ್ತಾರೆ.) ತೂಕ ಮೀನಿನ ತೂಕದ ಶೇ. 2 ಮೀರಬಾರದು ಎಂಬುದು ರೂಢಿಯ ಲೆಕ್ಕ, ಅಂದರೆ ಅರ್ಧ ಕಿಲೋ ಮೀನಿಗೆ 10 ಗ್ರಾಂ. ಬಿಲ್ಲೆ ಎಂದರೆ ಜನ ಮೀನಿನ ಮೈಮೇಲೆ ಹುಡುಕಿ, ಇಲ್ಲವೆಂದು ಬಿಡುತ್ತಾರೆ. ‘ಗುಳಿಗೆ’ ಎಂದರೆ ಔಷಧಿ ತಿನ್ನಿಸಿದ್ದಾರೆ, ಮೀನು ತಿನ್ನಬಹುದೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ‘ಹೊಟ್ಟೆಯೊಳಗಿನ ಟ್ಯಾಗ್’ ಎಂದೇ ಬಿಡಿಸಿ ಬರೆಯಿರಿ. ಅದು ಸಿಗುವುದು ಬಲೆ ಎಳೆದವರಿಗಲ್ಲ, ಮೆಟ್ಟುಗತ್ತಿಯಲ್ಲಿ ಮೀನು ಹೆಚ್ಚುವವರಿಗೆ; ಕೈಪಿಡಿ ಮೀನು ಮಾರ್ಕೆಟ್ಟಿಗೂ ಹೋಗಲಿ.

‘ಕೂಗು’ ಎಂದು ಬರೆದ ಕಡೆ ಒಂದು ಎಚ್ಚರಿಕೆ ಸೇರಿಸಿ. ಮನುಷ್ಯರ ಕಿವಿ 20 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಕೇಳದು. ಸಿಕ್ಕ ಟ್ಯಾಗನ್ನು ಕಿವಿಗಿಟ್ಟು, ಸದ್ದಿಲ್ಲ, ಕೆಟ್ಟುಹೋಗಿದೆ ಎಂದು ಎಸೆಯದಂತೆ, ಮೇಲಿನ ಸಂಖ್ಯೆ ನೋಡಿ, ಸಿಕ್ಕ ಜಾಗ, ದಿನ ಬರೆದು ತಲುಪಿಸುವಂತೆ ತಿಳಿಸಿ.